ಯಜಮಾನರ ಹಂಪಿ ಸವಾರಿ

ಮನೆಗೆ ಪರದೇಶದ ಅತಿಥಿ ಬಂದರೆ ಗಂಡಸಿಗೆ ಎರಡು ರೋಗ ಹತ್ತುತ್ತವೆ. ಒಂದು ಇಂಗ್ಲಿಷು, ಇನ್ನೊಂದು ಇತಿಹಾಸ. ನಿಮ್ಮ ಮನೆಯಲ್ಲೂ ಇದೇ ಕತೆ ಅಂತ ನನಗೆ ಗೊತ್ತು, ಇಲ್ಲ ಅನ್ನಬೇಡಿ. ಬೆಂಗಳೂರಿನಲ್ಲಿರುವ ಮಗನ ಆಫೀಸಿನ ಗೆಳತಿ, ಪೋರ್ಚುಗಲ್ಲಿನ ಹುಡುಗಿ, ನಮ್ಮೂರು ಮೆಟ್ರಿಗೆ ಬರುತ್ತಾಳೆ ಅಂತ ಫೋನು ಬಂದದ್ದೇ ತಡ, ನಾನು ಕಪಾಟಿನಿಂದ ಹಂಪಿಯ ಪುಸ್ತಕ ತೆಗೆದು ಧೂಳು ಕೊಡವಿದೆ. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಡೊಮಿಂಗೊ ಪಾಯಸ್ ಅನ್ನುವ ಪೋರ್ಚುಗೀಸನೊಬ್ಬ ವಿಜಯನಗರಕ್ಕೆ ಬಂದು, ಇದು ರೋಮಿನಷ್ಟು ದೊಡ್ಡ ಊರು ಅಂತ ಬರೆದಿಟ್ಟು ಹೋದ. ಅವನನ್ನು ಕರೆದುಕೊಂಡು ತಿರುಗಿದ ಪುಣ್ಯಾತ್ಮನ ಹೆಸರು ಮಾತ್ರ ಪುಸ್ತಕದಲ್ಲಿಲ್ಲ. ಈ ಸಲ ಹಾಗಾಗಬಾರದು ಅಂತ ನಿಶ್ಚಯಿಸಿದೆ.

ಮಗ ಕಾರು ಮಾಡಿಸುತ್ತೇನೆ ಅಂದ. ಹುಡುಗಿ ಬೇಡ ಅಂದಳಂತೆ. ಊರಿನ ಜನ ಹೇಗೆ ಓಡಾಡುತ್ತಾರೋ ಹಾಗೇ ಓಡಾಡಬೇಕಂತೆ. “ಅದೆಲ್ಲಾ ನನಗ ಬಿಡು” ಅಂದೆ. ಓಣಿಯ ತುದಿಯ ಚಹಾದಂಗಡಿಗೂ ನಾನು ಯಾರದಾದರೂ ಬೈಕಿನ ಹಿಂದೆ ಕೂತೇ ಹೋಗುವವನು ಅನ್ನುವುದನ್ನು ಹೆಂಡತಿ ಫೋನಿನಲ್ಲಿ ಹೇಳಲಿಲ್ಲ. “ನಾನೂ ಬರ್ತೀನಿ” ಅಂದಳು. ಅದು ಇನ್ನೂ ಅಪಾಯ.

ಕಂಪ್ಲಿ ಬಸ್ ಸ್ಟ್ಯಾಂಡಿನಲ್ಲಿ ಹೊಸಪೇಟೆ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಮೂರು ಸೀಟು ಹಿಡಿದೆ. ಈ ವಿದ್ಯೆಯ ಮಹತ್ವವನ್ನು ಹುಡುಗಿಗೆ ಇಂಗ್ಲಿಷಿನಲ್ಲಿ ವಿವರಿಸುತ್ತ ನಿಂತೆ. ವ್ಯಾಕರಣ ಸರಿ ಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ ಅವಳ ಕೈ ಹಿಡಿದು ಹತ್ತಿಯಾಗಿತ್ತು. ನಾನು ನುಗ್ಗಿ ನೋಡಿದರೆ ಮೂರನೆಯ ಸೀಟಿನಲ್ಲಿ ಒಬ್ಬ ಅಜ್ಜಿ. ನನ್ನ ಟವೆಲಿನಿಂದ ಮೊಮ್ಮಗನ ಮೂಗು ಒರೆಸುತ್ತಿದ್ದಳು.

2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ. ಅಂದಿನಿಂದ ನನ್ನಾಕೆ ಆಧಾರ್ ಕಾರ್ಡನ್ನು ತಾಳಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಕಂಡಕ್ಟರ್ ಬಂದಾಗ ಅದನ್ನು ತೋರಿಸಿ, “ಎರಡು ಕೊಡಪಾ” ಅಂದಳು.

“ಈಯಮ್ಮಂದು ಆಧಾರ್ ಎಲ್ಲೈತವ್ವಾ?”

“ನಮ್ ಮಗಳ ಸಮಾನ ಅಕಿ.”

“ಸಮಾನಕ್ಕ ಫ್ರೀ ಇಲ್ಲವ್ವಾ.”

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಟವೆಲ್ ಎಸೆದವನು ನಾನು, ಟಿಕೆಟ್ ತೆಗೆದವನು ನಾನು, ಕಮಲಾಪುರದವರೆಗೆ ನಿಂತವನೂ ನಾನು.

ಕಮಲಾಪುರದಲ್ಲಿ ಇಳಿದಾಗ ಆಟೋದವನ ಮುಂದೆಯೂ ನನ್ನ ಇಂಗ್ಲಿಷು ನಿಲ್ಲಲಿಲ್ಲ. ಹುಡುಗಿಗೆ ಕೇಳಲಿ ಅಂತ “ಹೌ ಮಚ್?” ಅಂದೆ. ಅವನು ನನ್ನನ್ನೂ ಪರದೇಶದ ಲೆಕ್ಕಕ್ಕೆ ಸೇರಿಸಿ ರೇಟು ಹೇಳಿದ. ಹೆಂಡತಿ ಮುಂದೆ ಬಂದು, “ಯಾವೂರಪಾ ನಿಂದು?” ಅಂತ ಕೇಳಿದಳು. ಎರಡು ಮಾತಿನಲ್ಲಿ ಅವನು ಅವಳ ತವರಿನ ಕಡೆ ಏನೋ ಆಗಬೇಕಾದವನಾದ, ಬಾಡಿಗೆ ಅರ್ಧವಾಯಿತು. ಹೆಂಗಸರಿಬ್ಬರೂ ಹಿಂದೆ ಆರಾಮಾಗಿ ಕೂತರು. ನನಗೆ ಡ್ರೈವರಿನ ಪಕ್ಕ ಅರ್ಧ ಕುಂಡೆಯ ಜಾಗ.

ಗೆಜ್ಜಲ ಮಂಟಪದಿಂದ ವಿಜಯವಿಠ್ಠಲ ದೇವಸ್ಥಾನಕ್ಕೆ ಬ್ಯಾಟರಿ ಗಾಡಿ. ಓಡಿಸುವವಳು ಊರಿನದೇ ಹುಡುಗಿ. ನಾನು ಫೋಟೋಕ್ಕೆ ಚೆನ್ನಾಗಿ ಕಾಣಲೆಂದು ಒಂದು ಕಾಲು ಹೊರಗೆ ಬಿಟ್ಟು ಕೂತಿದ್ದೆ. “ಅಕ್ಕಾ, ಆ ಅಜ್ಜಾರಿಗೆ ಕಾಲು ಒಳಗ ಇಟ್ಕೊಳ್ಳಾಕ ಹೇಳ್ರಿ” ಅಂದಳು. ಅಕ್ಕ ಅಂದರೆ ನನ್ನ ಹೆಂಡತಿ. ಅಜ್ಜ ಯಾರು ಅಂತ ನಾನು ಸುತ್ತ ನೋಡಿದೆ. ಬೇರೆ ಗಂಡಸರೇ ಇರಲಿಲ್ಲ.

ಹೋದ ಮಾನ ವಾಪಸು ತರಲು ದೇವಸ್ಥಾನದ ಟಿಕೆಟ್ ಕೌಂಟರಿನಲ್ಲಿ ಪರ್ಸು ತೆಗೆದೆ. “ಗೆಸ್ಟ್ ಈಸ್ ಗಾಡ್” ಅಂದೆ. ಆಮೇಲೆ ಬೋರ್ಡು ಓದಿದೆ. ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ಪರ್ಸಿನಲ್ಲಿದ್ದದ್ದು ಕಲ್ಲಿನ ರಥದ ಚಿತ್ರವಿರುವ ಐವತ್ತರ ನೋಟುಗಳು. ಹನ್ನೆರಡು ರಥ ಕೊಟ್ಟರೆ ಅವಳಿಗೆ ಒಂದು ರಥ ತೋರಿಸಬಹುದಿತ್ತು. ಅಷ್ಟು ರಥ ನನ್ನಲ್ಲಿರಲಿಲ್ಲ. ಹೆಂಡತಿ ಸೆರಗಿನ ಮರೆಯಿಂದ ಸಣ್ಣ ಚೀಲ ತೆಗೆದು ಎಣಿಸಿ ಕೊಟ್ಟಳು. “ಎಲ್ಲಿಂದ ಬಂತು?” ಅಂತ ಪಿಸುಗುಟ್ಟಿದೆ. “ಬಸ್ ಫ್ರೀ ಆದಾಗಿಂದ ಉಳಿಸಿದ್ದು” ಅಂದಳು. ಬಸ್ಸಿಗೆ ಅಂತ ಪ್ರತಿ ಸಲ ನನ್ನಿಂದ ದುಡ್ಡು ಇಸಿದುಕೊಳ್ಳುತ್ತಿದ್ದದ್ದು ಆಗ ನೆನಪಾಯಿತು. ದೇವಸ್ಥಾನದ ಬಾಗಿಲಲ್ಲಿ ಜಗಳ ಶೋಭಿಸುವುದಿಲ್ಲ ಅಂತ ಸುಮ್ಮನಾದೆ.

ಇನ್ನು ಉಳಿದದ್ದು ತೆಪ್ಪ. ಪಾಯಸನ ತೆಪ್ಪವನ್ನು ನಾನು ಈ ಗಳಿಗೆಗೆಂದೇ ಕಾದಿಟ್ಟಿದ್ದೆ. ತಳವಾರಘಟ್ಟದಿಂದ ಆನೆಗುಂದಿಗೆ ದಾಟುವಾಗ, ಹೊಳೆಯ ನಡುವೆ ಎದ್ದು ನಿಂತು, ಕೈಯೆತ್ತಿ ಶುರು ಮಾಡಿದೆ. ನಿಮ್ಮ ದೇಶದವನು ಇದೇ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ. ಆದರೆ ನೆಟ್ಟಗೆ ಹೋಗುವುದಿಲ್ಲ, ಸುತ್ತುತ್ತಲೇ ಇರುತ್ತದೆ ಅಂತ. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ ಅನ್ನುವಷ್ಟರಲ್ಲಿ ತೆಪ್ಪದವನು ಹುಡುಗಿಯನ್ನು ನಗಿಸಲು ಗರಗರ ಸುತ್ತಿಸಿಬಿಟ್ಟ. ಹಂಪಿಗೆ ಮುಖ ಮಾಡಿ ಶುರುವಾದ ವಾಕ್ಯ ಆನೆಗುಂದಿಗೆ ಮುಖ ಮಾಡಿ ಮುಗಿಯಿತು. “ಯಜಮಾನ್ರ, ಕುಂದುರ್ರಿ!” ಅಂತ ಅವನು ಕೂಗುವ ಮೊದಲೇ ನಾನು ಮಲಗಿದ್ದೆ. ಹೆಂಡತಿ ಮೂಗಿಗೆ ನಿಂಬೆಹಣ್ಣು ಹಿಡಿದಳು. ಐನೂರು ವರ್ಷ ಎತ್ತು ಕುದುರೆಗಳು ಮರ್ಯಾದೆಯಿಂದ ದಾಟಿದ ಹೊಳೆಯಲ್ಲಿ ನನ್ನ ಗತಿ ಇದು.

ಆನೆಗುಂದಿಯಲ್ಲಿ ಹುಡುಗಿ ಎರಡು ಬಾಡಿಗೆ ಸೈಕಲ್ ತಂದಳು. ಹೈಸ್ಕೂಲಿನಲ್ಲಿ ನಾನು ಎರಡೂ ಕೈ ಬಿಟ್ಟು ಓಡಿಸುತ್ತಿದ್ದವನು. ಆಗ ಚಡ್ಡಿ ಹಾಕುತ್ತಿದ್ದೆ ಅನ್ನುವುದು ಮರೆತಿತ್ತು. ನಾಲ್ಕು ಪೆಡಲ್ ತುಳಿಯುವಷ್ಟರಲ್ಲಿ ಚೈನು ಧೋತರದ ಅಂಚು ಹಿಡಿದು ಎಳೆಯಿತು. ಹುಡುಗಿಯ ಸೈಕಲ್ಲಿನ ಕ್ಯಾರಿಯರ್ ಮೇಲೆ ಒಂದೇ ಮಗ್ಗುಲಾಗಿ ಕೂತ ನನ್ನ ಹೆಂಡತಿ, ಹುಟ್ಟಿದಾಗಿನಿಂದ ಸೈಕಲ್ ಹತ್ತದವಳು, ಸೆರಗು ಹಾರಿಸಿಕೊಂಡು ರಂಗನಾಥನ ಗುಡಿ ಕಡೆ ಹೊರಟುಹೋದಳು. ನಾನು ಒಂದು ಕೈಯಲ್ಲಿ ಸೈಕಲ್, ಇನ್ನೊಂದರಲ್ಲಿ ಧೋತರ ಹಿಡಿದು ಹಿಂದಿನಿಂದ ನಡೆದೆ. ಎರಡೂ ಕೈ ಬಿಡುವ ಹಾಗಿರಲಿಲ್ಲ.

ಗಂಗಾವತಿಗೆ ಟಂಟಂ, ಅಲ್ಲಿಂದ ಕಂಪ್ಲಿಗೆ ಬಸ್ಸು. ಕಂಪ್ಲಿ ಸೇತುವೆ ಬಂದಾಗ, ಡ್ಯಾಮಿನಿಂದ ನೀರು ಬಿಟ್ಟರೆ ಇದು ಹೇಗೆ ಮುಳುಗುತ್ತದೆ, ಆಚೆ ದಡದ ಬೀಗರು ಆಗ ಹೇಗೆ ದೂರವಾಗುತ್ತಾರೆ, ಅದರಿಂದ ಎಷ್ಟು ನೆಮ್ಮದಿ ಅಂತ ಹೆಂಡತಿ ಕೈಸನ್ನೆಯಲ್ಲಿ ಹೇಳಿದಳು. ಹುಡುಗಿಗೆ ಬೀಗರ ಸಮೇತ ಎಲ್ಲಾ ತಿಳಿಯಿತು. ನಾನು ದಿನವಿಡೀ ಆಡಿದ ಇಂಗ್ಲಿಷಿಗೆ ಅವಳು ಕೊಟ್ಟ ಉತ್ತರ ಒಂದೇ: “ಸಾರಿ, ಅಂಕಲ್?”

ಕಂಪ್ಲಿಯಿಂದ ಮೆಟ್ರಿಗೆ ಗುರುತಿನವರ ಟ್ರ್ಯಾಕ್ಟರ್ ಸಿಕ್ಕಿತು. ಅವರಿಬ್ಬರೂ ಟ್ರೇಲರಿನಲ್ಲಿ ನೆಲ್ಲಿನ ಚೀಲಗಳ ಮೇಲೆ ಕಾಲು ಚಾಚಿದರು. ಹುಡುಗಿ ತನ್ನೂರು ಲಿಸ್ಬನ್ನಿನ ಕತೆ ಹೇಳಿದಳು. ಅಲ್ಲಿ ಹಳದಿ ಟ್ರಾಮುಗಳು ದಿಬ್ಬ ಹತ್ತುತ್ತವಂತೆ. ಕೆಳಗಿನ ಓಣಿಯಿಂದ ಮೇಲಿನ ಓಣಿಗೆ ಹೋಗಲು 1902ರಲ್ಲೇ ಕಟ್ಟಿದ ಸಾಂತಾ ಜುಸ್ತಾ ಅನ್ನುವ ಲಿಫ್ಟ್ ಇದೆಯಂತೆ. ಆಂಟಿ ಬರಲೇಬೇಕಂತೆ. ಅಂಕಲ್ ಸುದ್ದಿ ಬರಲಿಲ್ಲ.

ಅವಳು ಹೋದ ಮೇಲೆ ನಮ್ಮ ಮನೆಯಲ್ಲಿ ಪಾಸ್‌ಪೋರ್ಟಿನ ಮಾತು ಶುರುವಾಗಿದೆ. ಎಮ್ಮೆಗೆ ಹುಲ್ಲು ಹಾಕಲು ನನ್ನನ್ನು ಬಿಟ್ಟು ಹೋಗುವುದು ಅಂತ ತೀರ್ಮಾನವೂ ಆಗಿತ್ತು. ಮೊನ್ನೆ ರಾತ್ರಿ ಹೆಂಡತಿ ಕೇಳಿದಳು:

“ರೀ, ಆ ಲಿಸ್ಬನ್ನಿನ ಟ್ರಾಮಿನ್ಯಾಗ ಆಧಾರ್ ನಡಿತೈತೇನು?”

ನನಗೆ ಸರಿಯಾದ ಉತ್ತರ ಗೊತ್ತಿದ್ದ ಒಂದೇ ಒಂದು ಪ್ರಶ್ನೆ. ಎದೆಯುಬ್ಬಿಸಿ, “ನಡಿಯಂಗಿಲ್ಲ” ಅಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು.

“ಹಂಗಾದ್ರ ಟಿಕೆಟ್ ತಗ್ಯಾಕ ನೀವೂ ಬರ್ರಿ.”