ವಂದನಾರ್ಪಣೆಯ ವನವಾಸ

“ರೀ, ಕುಕ್ಕರ್ ಮೂರು ಸೀಟಿ ಹಾಕೋದ್ರೊಳಗೆ ಮುಗಿಸಬೇಕು, ಶುರು ಮಾಡಿ” ಎಂದಳು ನನ್ನಾಕೆ. ಬಡಾವಣೆಯ ರಾಜ್ಯೋತ್ಸವದ ವಂದನಾರ್ಪಣೆ ನನ್ನ ಕೊರಳಿಗೆ ಬಿದ್ದಿತ್ತು. ಸ್ವಾಗತ ಕೋರುವವರಿಗೆ ತುಂಬಿದ ಸಭೆ. ಅಧ್ಯಕ್ಷರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ವಂದನಾರ್ಪಣೆಯವನಿಗೆ ಮಾತ್ರ ಉಪ್ಪಿಟ್ಟಿನ ಕಡೆ ಹೊರಟ ಬೆನ್ನುಗಳು.

ಮಗಳು ಹುಣಸೆಬೀಜ ಹಿಡಿದು ಕೂತಳು. ನಾನೊಂದು ಸಲ “ಏನಪ್ಪಾ ಅಂದ್ರೆ” ಅಂದರೆ ಒಂದು ಬೀಜ ನೆಲಕ್ಕೆ. ಎರಡನೇ ಸೀಟಿಗೆ ಅಳಗುಳಿಮಣೆ ಆಡುವಷ್ಟು ಬೀಜ ಬಿದ್ದಿತ್ತು.

“ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ನಲ್ಲೂ ಹೀಗೇ ಅಪ್ಪಾ” ಎಂದಳು. 1924ರಲ್ಲಿ ಅಮೆರಿಕದಲ್ಲಿ ಶುರುವಾದ ಕೂಟವಂತೆ. ಅಲ್ಲಿ ನಮ್ಮ ‘ಆ’, ‘ಊಂ’ಗಳನ್ನು ಎಣಿಸುವುದಕ್ಕೆಂದೇ ಒಬ್ಬರು. ಏಳು ನಿಮಿಷದ ಮಾತಿಗೆ ಐದಕ್ಕೆ ಹಸಿರು ದೀಪ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ನಮ್ಮಲ್ಲಿ ದೀಪವಿಲ್ಲ, ಚೀಟಿ ಇದೆ. ಚೀಟಿ ಬಂದರೆ ಭಾಷಣಕಾರರು ಅದನ್ನು ಗಟ್ಟಿಯಾಗಿ ಓದಿ, ಸಮಯಪಾಲನೆಯ ಮಹತ್ವ ಕುರಿತು ಇನ್ನರ್ಧ ಗಂಟೆ ಮಾತಾಡುತ್ತಾರೆ.

“ಗಾಂಧೀಜಿಗೂ ಕಾಲು ನಡುಗಿತ್ತು ಕಣೇ” ಎಂದೆ. ಸುಳ್ಳಲ್ಲ. ಲಂಡನ್ನಿನಲ್ಲಿ ಬ್ಯಾರಿಸ್ಟರಿ ಓದಿ ಬಂದವರು ಮುಂಬಯಿಯ ಕೋರ್ಟಿನಲ್ಲಿ ಮೊದಲ ಸಲ ಪಾಟೀಸವಾಲಿಗೆ ನಿಂತಾಗ ತಲೆ ಸುತ್ತಿ, ಬಾಯಿ ಬಾರದೆ ಕೂತುಬಿಟ್ಟರು. ಕೇಸೂ ಕೈಬಿಟ್ಟಿತು, 30 ರೂಪಾಯಿಯ ಫೀಸೂ ಹೋಯಿತು. ಅದೇ ಮನುಷ್ಯ 1893ರಲ್ಲಿ ಪ್ರಿಟೋರಿಯಾದ ಭಾರತೀಯರನ್ನು ಸೇರಿಸಿ, ವ್ಯಾಪಾರದಲ್ಲಿ ಸತ್ಯ ಏಕಿರಬೇಕೆಂದು ಭಾಷಣ ಮಾಡಿದರು. ಹೇಳಲೇಬೇಕಾದದ್ದು ಒಂದಿದ್ದರೆ ನಾಲಗೆ ತಾನೇ ಏಳುತ್ತದೆ ಅನ್ನುವುದು ನನ್ನ ವಾದ.

“ಹಾಗಾದ್ರೆ ನೀರಿನ ಮೀಟಿಂಗಿನಲ್ಲಿ ನಿಮ್ಮದ್ಯಾಕೆ ಏಳಲಿಲ್ಲ?” ಎಂದಳು ನನ್ನಾಕೆ.

ಹೌದಲ್ಲ! ಯಾವ ವಾಲ್ವ್ ಕೆಟ್ಟಿದೆ ಅನ್ನುವುದು ಇಡೀ ಬೀದಿಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಹಿಂದಿನ ಸಾಲಿನಲ್ಲಿ ಪಕ್ಕದವರ ಕಿವಿಯಲ್ಲಿ ಗೊಣಗಿದೆ. ಎದುರುಮನೆ ಟೀಚರಮ್ಮ ಅದನ್ನು ಕೇಳಿಸಿಕೊಂಡು ಎದ್ದು ನಿಂತರು. ಎಷ್ಟು ದಿನದಿಂದ ನೀರಿಲ್ಲ, ಯಾವ ವಾಲ್ವ್, ಯಾವತ್ತು ಸರಿಮಾಡ್ತೀರಿ – ಮೂರೇ ಮಾತು. ಕೂತರು. ಆ ವಾರವೇ ನೀರು ಬಂತು. ಈಗ ಅದು ಬೀದಿಯವರ ಬಾಯಲ್ಲಿ ಟೀಚರಮ್ಮನ ನೀರು. ವಾಲ್ವ್ ಕಂಡುಹಿಡಿದ ನಾನು ಅದೇ ನೀರಲ್ಲಿ ಮುಖ ತೊಳೆದುಕೊಳ್ಳುತ್ತೇನೆ.

ಟೀಚರಮ್ಮನನ್ನೇ ಕೇಳಿದೆ. “ಮೊದಲ ವಾಕ್ಯ, ಕೊನೇ ವಾಕ್ಯ ಬಾಯಿಪಾಠ ಮಾಡ್ಕೊಳ್ಳಿ ಸಾರ್. ನಡುವೆ ದಾರಿ ತಪ್ಪಿದ್ರೆ ಕೊನೇದಕ್ಕೆ ಹಾರಿಬಿಡಿ. ಕಾಗದ ಓದ್ಬೇಡಿ, ಹಿಂದಿನ ಸಾಲಿನಲ್ಲಿ ಒಬ್ಬರನ್ನ ಹಿಡಿದು ಅವರಿಗೇ ಹೇಳಿ” ಎಂದರು.

ನವೆಂಬರ್ 1ರ ರಾತ್ರಿ ಎದ್ದು ನಿಂತಾಗ ಹಿಂದಿನ ಸಾಲೇ ಇರಲಿಲ್ಲ. ಶಾಮಿಯಾನದ ಹುಡುಗ ಕುರ್ಚಿ ಪೇರಿಸುತ್ತಿದ್ದ. ಅವನನ್ನೇ ಹಿಡಿದೆ. ಪಾಪ, ಕುರ್ಚಿ ಕೆಳಗಿಟ್ಟು ಕೂತು ಪೂರ್ತಿ ಕೇಳಿದ. ಒಂದೇ ಒಂದು “ಏನಪ್ಪಾ ಅಂದ್ರೆ” ಬಂತೆಂದು ಮಗಳು ಬೆರಳೆತ್ತಿ ತೋರಿಸಿದಳು. ಕೊನೇ ವಾಕ್ಯಕ್ಕೆ ಹಾರುವ ಭರದಲ್ಲಿ ಮೈಕಿನವರ ಹೆಸರು ಬಿಟ್ಟುಹೋಯಿತು. ಮುಂದಿನ ವರ್ಷ ನನ್ನ ಸರದಿಗೆ ಅವರು ಮೈಕು ಬಿಚ್ಚಿಕೊಂಡು ಹೊರಟಿರುತ್ತಾರೋ ಏನೋ.