ಪಾವಗಡ, ಬಾಗೇಪಲ್ಲಿ ಕಡೆಯ ವಿಜ್ಞಾನ ಮೇಷ್ಟ್ರುಗಳಿಗೆ

ಮಾನ್ಯ ಮೇಷ್ಟ್ರೇ, ಟೀಚರಮ್ಮನವರೇ,

ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ಪಾಠ ಶುರು ಮಾಡುತ್ತೀರಿ. ದಯವಿಟ್ಟು ಅಲ್ಲಿಗೇ ನಿಲ್ಲಿಸಬೇಡಿ. ನಿಮ್ಮ ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡಿಗೂ ಬಣ್ಣವಿಲ್ಲ, ವಾಸನೆಯಿಲ್ಲ. ಮಗು ನಕ್ಕಾಗ ಅದು ಕಾಣುತ್ತದೆ: ಬಾಚಿಹಲ್ಲಿನ ಮೇಲೆ ಅಡ್ಡಡ್ಡ ಸುಣ್ಣದಂಥ ಗೆರೆ, ಕೆಲವರಿಗೆ ಬರಬರುತ್ತಾ ಕಂದು. ಹಲ್ಲು ಒಳಗೆ ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಬಿದ್ದ ಗೆರೆ ಅದು, ಎಷ್ಟು ಉಜ್ಜಿದರೂ ಹೋಗದು. ಆ ಮಗುವನ್ನು ಎಬ್ಬಿಸಿ ನಿಲ್ಲಿಸಿ ತೋರಿಸಬೇಡಿ. ಅದರ ತಪ್ಪೇನೂ ಇಲ್ಲ.

ತಪ್ಪು ನೀರಿನದೂ ಅಲ್ಲ. ನೀರಿನ ಅಣುವಿನಲ್ಲಿ ಎರಡು ಹೈಡ್ರೋಜನ್‌ಗಳು ಆಕ್ಸಿಜನ್ನಿಗೆ 104.5 ಡಿಗ್ರಿ ಕೋನದಲ್ಲಿ ಅಂಟಿಕೊಂಡಿವೆ. ಹೀಗೆ ಬಾಗಿರುವುದರಿಂದ ಅಣುವಿನ ಒಂದು ಮಗ್ಗುಲು ಕೊಂಚ ಧನ, ಇನ್ನೊಂದು ಕೊಂಚ ಋಣ. ಆ ಸೆಳೆತದಿಂದಲೇ ನೀರು ಲವಣಗಳನ್ನು ಬಿಡಿಸಿ ತನ್ನೊಳಗೆ ಕರಗಿಸಿಕೊಳ್ಳುತ್ತದೆ. ನಮ್ಮ ರಕ್ತದಲ್ಲಿ ಸೋಡಿಯಂ ಹರಿಯುವುದು, ಬೇರಿನಿಂದ ರಾಗಿ ತೆನೆಗೆ ಪೊಟ್ಯಾಷ್ ಏರುವುದು ಇದರ ದಯೆಯಿಂದ. ಬದುಕಿಸುವ ಅದೇ ಗುಣ ಗ್ರಾನೈಟ್ ಬಂಡೆಯ ಬಿರುಕಿನಲ್ಲಿ ಫ್ಲೋರೈಡನ್ನೂ ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಫ್ಲೋರೈಡ್ ಅದರ ಜೊತೆ ಸೇರಿ ಗಟ್ಟಿಯಾಗಿ ಬೇರ್ಪಡುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ ಬೈಕಾರ್ಬೊನೇಟ್ ಹೆಚ್ಚಿದ್ದಲ್ಲಿ ಕರಗಿಯೇ ಉಳಿಯುತ್ತದೆ. ಕೆರೆಗಳನ್ನು ಹೂಳು ತುಂಬಲು ಬಿಟ್ಟು ನಾವು ಆಳಕ್ಕೆ ಕೊರೆದದ್ದು ಇಂಥ ನೀರಿಗೆ.

ಮನೆಯಲ್ಲಿ ತಾಯಂದಿರು ಕಾಯಿಸಿ ಆರಿಸಿ ಕುಡಿಸುತ್ತಾರೆ. ಕಾಯಿಸಿದರೆ ರೋಗಾಣು ಸಾಯುತ್ತವೆ, ನಿಜ. ಫ್ಲೋರೈಡ್ ಆವಿಯಾಗಿ ಹೋಗುವುದಿಲ್ಲ. ನೀರು ಇಂಗಿದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಇದನ್ನು ಮಕ್ಕಳ ಮೂಲಕ ಅಡುಗೆಮನೆಗೆ ಮುಟ್ಟಿಸಲು ನಿಮಗಿಂತ ಯೋಗ್ಯರಿಲ್ಲ.

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂ ಫ್ಲೋರೈಡ್ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ನಿಮ್ಮ ಶಾಲೆಯ ನಲ್ಲಿಯಲ್ಲಿ ಎಷ್ಟಿದೆ? ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂದಿದೆ. ಅವರಲ್ಲೊಬ್ಬರನ್ನು ಕಿಟ್ ಸಮೇತ ತರಗತಿಗೆ ಕರೆಯಿರಿ. ಒಂದು ಲೋಟದಲ್ಲಿ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ತಾರಸಿಯಿಂದ ಹಿಡಿದ ಮಳೆನೀರು ಇರಲಿ. ಎರಡರ ಅಂಕಿಯನ್ನೂ ಮಕ್ಕಳೇ ಕಪ್ಪುಹಲಗೆಯ ಮೇಲೆ ಬರೆಯಲಿ, ಮುಂದಿನ ಗ್ರಾಮಸಭೆಯಲ್ಲಿ ಅವರೇ ಓದಿ ಹೇಳಲಿ.

ಇತಿ,
ನಿಮ್ಮ ಮಕ್ಕಳ ಹಿತ ಬಯಸುವವ