ಪ್ರಾಯಶ್ಚಿತ್ತಕ್ಕೂ ಹೊರಗುತ್ತಿಗೆ

ಕಾಲದ ಸದುಪಯೋಗ ಕಲಿಸುವ ಗುರುಗಳು ಈಗ ಬೀದಿಗೆ ನಾಲ್ವರು. ಬೆಳಗ್ಗೆ ಐದಕ್ಕೆ ಏಳಿ, ಮೊಬೈಲ್ ಮುಟ್ಟಬೇಡಿ, ಬಾಗಿಲು ಹಾಕಿಕೊಂಡು ಒಂದೇ ಕೆಲಸ ಹಿಡಿದು ಕೂರಿ ಎನ್ನುತ್ತಾರೆ. ಐದಕ್ಕೆ ಅಲಾರಾಂ ಇಟ್ಟು, ಐದಾದ ಕೂಡಲೇ ಅದರ ತಲೆಗೆ ಮೊಟಕಿ ಮಗ್ಗುಲು ಬದಲಿಸುವ ನಮ್ಮಂಥವರಿಗೆ ಉಪದೇಶ ಸಾಲದು. ಕೋರ್ಟಿನ ಆದೇಶವೇ ಬೇಕು.

ಗೆಲಿಲಿಯೋನನ್ನೇ ನೋಡಿ. 1633ರ ಜೂನ್ 22ರಂದು ರೋಮಿನ ಧರ್ಮನ್ಯಾಯಾಲಯ, 69ರ ಆ ಮುದುಕನನ್ನು ಮಂಡಿಯೂರಿಸಿ, ಭೂಮಿ ಸುತ್ತುತ್ತದೆಂಬ ಮಾತನ್ನು ನುಂಗಿಸಿತು. ಭೂಮಿ ಸುತ್ತುವುದನ್ನಂತೂ ತಡೆಯಲಾಗಲಿಲ್ಲ, ಹೇಳಿದವನು ಸುತ್ತುವುದನ್ನು ತಡೆಯಿತು. ವರ್ಷದ ಕೊನೆಗೆ ಆತ ಫ್ಲಾರೆನ್ಸ್ ಬಳಿಯ ಆರ್ಚೆತ್ರಿಯಲ್ಲಿದ್ದ ತನ್ನ ಮನೆ ಸೇರಿದ, ಗೃಹಬಂಧಿಯಾಗಿ. ಆ ಮನೆಗೆ 'ಒಡವೆ' ಎಂಬ ಅರ್ಥದ ಹೆಸರು. ಸಭೆಯಿಲ್ಲ, ಸನ್ಮಾನವಿಲ್ಲ, ಉದ್ಘಾಟನೆಗೆ ಬನ್ನಿ ಎನ್ನುವವರಿಲ್ಲ. ಬೀಳುವ ವಸ್ತು ಹೇಗೆ ಬೀಳುತ್ತದೆ, ತೊಲೆ ಎಷ್ಟು ಭಾರಕ್ಕೆ ಮುರಿಯುತ್ತದೆ ಎಂದೆಲ್ಲ ಬರೆದು ಮುಗಿಸಿದ. ಆತನ ಪುಸ್ತಕ ಅಚ್ಚಾಗಕೂಡದೆಂಬ ನಿಷೇಧವಿತ್ತು. 1638ರಲ್ಲಿ ಅದು ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾಯಿತು. ಹಸ್ತಪ್ರತಿ ಅಲ್ಲಿಗೆ ಹೋದದ್ದು ತನಗೇ ಆಶ್ಚರ್ಯ ಎಂಬ ಧಾಟಿಯಲ್ಲಿ ಅರ್ಪಣೆಯ ಮಾತು ಬರೆದ. ಮಾಡಿದ ಕೆಲಸವನ್ನು ಮಾಡಿಲ್ಲ ಎಂದವನು ಆತ. ನಮ್ಮ ಕಚೇರಿಗಳಲ್ಲಿ ಇದು ತಿರುಗಾಮುರುಗಾ.

ನಮ್ಮ ದೇಶದಲ್ಲೂ ಈ ಸವಲತ್ತು ಉಂಟು. ಜೈಲುಗಳು ಕಿಕ್ಕಿರಿದಿರುವುದನ್ನು ಎತ್ತಿ ಆಡಿದ ಸುಪ್ರೀಂ ಕೋರ್ಟು, ಗೃಹಬಂಧನಕ್ಕೂ ಕಾನೂನಿನಲ್ಲಿ ದಾರಿಯಿದೆ ಎಂದು 2021ರಲ್ಲಿ ಹೇಳಿತು. 2022ರ ನವೆಂಬರಿನಲ್ಲಿ ಮಾನವ ಹಕ್ಕು ಹೋರಾಟಗಾರ ಗೌತಮ್ ನವ್ಲಾಖಾ ಅವರನ್ನು ಜೈಲಿನಿಂದ ಮನೆಗೆ ಕಳಿಸುವ ಆದೇಶವಾಯಿತು. ಇಂಟರ್ನೆಟ್ ಇಲ್ಲ, ದಿನಕ್ಕೆ ಹತ್ತು ನಿಮಿಷ ಫೋನು, ಅದೂ ಪೊಲೀಸರ ಎದುರು. ಇಷ್ಟಕ್ಕೆ ಕೊಡಗಿನ ರೆಸಾರ್ಟಿನಲ್ಲಾದರೆ ಜನ ದುಡ್ಡು ತೆತ್ತು ಹೋಗುತ್ತಾರೆ. ಇಲ್ಲೂ ಪುಕ್ಕಟೆಯಲ್ಲ: ಕಾವಲಿನ ಖರ್ಚಿಗೆಂದು ಮೊದಲು 2.4 ಲಕ್ಷ ರೂಪಾಯಿ ಕಟ್ಟಬೇಕಿತ್ತು. ತನಿಖಾ ಸಂಸ್ಥೆಯ ಲೆಕ್ಕ ಬೆಳೆಬೆಳೆದು 1.64 ಕೋಟಿಗೆ ಮುಟ್ಟಿತು. ಕಟ್ಟಿಹಾಕಿದವನ ಕೂಲಿ, ಕಟ್ಟಿಸಿಕೊಂಡವನ ತಲೆಗೆ. ಮನೆಯೇ ಇಲ್ಲದವನ ಗತಿ? ಅವನಿಗೆ ಜೈಲಿದೆ. ಬಾಡಿಗೆ ಇಲ್ಲ, ಕಾಲು ಚಾಚಲು ಜಾಗವೂ ಇಲ್ಲ.

ಗೆಲಿಲಿಯೋನ ಶಿಕ್ಷೆಯಲ್ಲಿ ಇನ್ನೊಂದು ಬಾಬ್ತು ಇತ್ತು. ವಾರಕ್ಕೊಮ್ಮೆ ಏಳು ಪ್ರಾಯಶ್ಚಿತ್ತ ಕೀರ್ತನೆಗಳನ್ನು ಪಠಿಸಬೇಕು, ಮೂರು ವರ್ಷ. ಕೆಲಸದ ಮನುಷ್ಯನಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ? ಆ ಭಾರವನ್ನು ಮಗಳು ತಾನೇ ಹೊತ್ತುಕೊಂಡಳು. ಮದುವೆಯಾಚೆ ಹುಟ್ಟಿದ ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬಾರದೆಂದು ಅಪ್ಪ ಆಕೆಯನ್ನು 13ನೇ ವಯಸ್ಸಿಗೇ ಕಾನ್ವೆಂಟಿಗೆ ಸೇರಿಸಿದ್ದ. ವರ್ಜೀನಿಯಾ ಅಲ್ಲಿ ಸನ್ಯಾಸಿನಿ ಮರಿಯಾ ಚೆಲೆಸ್ತೆಯಾದಳು. ಕಾನ್ವೆಂಟಿನ ಔಷಧಶಾಲೆ ನೋಡಿಕೊಳ್ಳುತ್ತಿದ್ದಳು, ಅಪ್ಪನ ಅಂಗಿಯ ಕಾಲರು ಹೊಲಿದು ಕಳಿಸುತ್ತಿದ್ದಳು. ಆತ ವಿಚಾರಣೆಗೆ ಹೋಗಿದ್ದಾಗ ಪೀಪಾಯಿಯ ವೈನು ಕೆಟ್ಟಿತೇ, ಗಿಡದಲ್ಲಿ ನಿಂಬೆ ಎಷ್ಟಿದೆ ಎಂಬ ವರದಿಯನ್ನೂ ಆಕೆಯೇ ಬರೆದಳು. 1634ರ ಏಪ್ರಿಲಿನಲ್ಲಿ, 33ರ ಪ್ರಾಯದಲ್ಲಿ, ತೀರಿಕೊಂಡಳು.

ಅಪ್ಪನನ್ನು ಮನೆಯಲ್ಲಿ ಕೂರಿಸಲು ಕಾರ್ಡಿನಲ್‌ಗಳೆಲ್ಲ ಕಲೆಯಬೇಕಾಯಿತು. ಮಗಳಿಗೆ ಆರೋಪಪಟ್ಟಿಯೂ ಇಲ್ಲ, ತೀರ್ಪೂ ಇಲ್ಲ. ಅಪ್ಪನ ಒಂದು ಮಾತು ಸಾಕಾಯಿತು.

ಗುರುಗಳ ಸೂತ್ರಗಳಿಗೆ ಹೀಗೊಂದು ತಿದ್ದುಪಡಿ ತರಬಹುದು: ಬೆಳಗ್ಗೆ ಐದಕ್ಕೆ ಧಾರಾಳವಾಗಿ ಏಳಿ. ನಾಲ್ಕೂವರೆಗೆ ಎದ್ದು ಒಲೆಯ ಮೇಲೆ ಡಿಕಾಕ್ಷನ್ನಿಗೆ ನೀರಿಟ್ಟವರು ಯಾರು ಎಂದು ಒಮ್ಮೆ ಅಡುಗೆಮನೆಗೆ ಇಣುಕಿ.